ಎರಡು ಗಂಟೆಗೊಮ್ಮೆ ಮಗ್ಗುಲು

(ಮಾತಾಡುತ್ತಿರುವ ಇಬ್ಬರೂ ಮೈಸೂರು ಸೀಮೆಯ ಒಂದು ಕನ್ನಡ ಸಭೆಯವರು. ಒಬ್ಬರು ಸಭೆಯ ಖಜಾಂಚಿ. ಇನ್ನೊಬ್ಬರು ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದ ಹಿರಿಯ ಹೆಂಗಸು. ತೀರಿಕೊಂಡ ಅಯ್ಯನವರೊಬ್ಬರ ಪತ್ನಿ. ಮೊದಲ ಮಾತು ಖಜಾಂಚಿಯದು.)

— ಉಜ್ಜೀವನ ಕೂಟಕ್ಕೆ ಸಮಿತಿ ಒಪ್ಪಿಗೆ ಕೊಟ್ಟಾಯ್ತು, ಅಮ್ಮ. ಮೂರು ಸಂಜೆ. ಪೆಂಡಾಲು, ಮೈಕು, ಹೊರಗಿಂದ ಬರೋ ಪ್ರಸಂಗಿಗಳ ಓಡಾಟದ ಖರ್ಚು, ಕೊನೇ ದಿನ ಪ್ರೀತಿಭೋಜನ. ಸಭೆ ನಿದ್ದೆ ಮಾಡ್ತಿದೆ ಅಂತ ಎಲ್ಲರ ಬಾಯಲ್ಲೂ ಕೇಳಿ ಸಾಕಾಗಿದೆ. ಎಬ್ಬಿಸಬೇಕಲ್ಲ.

— ನಿದ್ದೆ ಮಾಡ್ತಿರೋರು ಯಾರು ಅಂತ ತೋರಿಸಿ ನೋಡೋಣ. ಹೋದ ಕೂಟದಲ್ಲಿ ಮುಂದಿನ ಸಾಲಲ್ಲಿ ಕೂತು ಅತ್ತವರೇ ಅದರ ಹಿಂದಿನ ಕೂಟದಲ್ಲೂ ಅಲ್ಲೇ ಕೂತು ಅತ್ತಿದ್ದರು. ನಾನೂ ಅತ್ತೆ. ಅಳೋದು ತಪ್ಪಲ್ಲ. ಆದರೆ ಸೋಮವಾರದಿಂದ ಏನಾಯ್ತು ಅಂತ ಒಬ್ಬರೂ ಇನ್ನೊಬ್ಬರನ್ನ ಕೇಳಲಿಲ್ಲ.

— ಹಾಗಾದರೆ ಕೂಟ ಬೇಡ ಅಂತೀರಾ?

— ಬೇಡ ಅನ್ನೋಕೆ ನಾನ್ಯಾರು? ಮಾಡಿ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ತಾಯಿ ಇದ್ದಾಗ ನಿಮ್ಮನೇಲಿ ಸಂಜೆ ಪ್ರಾರ್ಥನೆ ತಪ್ಪುತ್ತಿರಲಿಲ್ಲ. ಅದನ್ನ ಯಾವಾಗ ನಿಲ್ಲಿಸಿದ್ರಿ?

— ನಿಲ್ಲಿಸಿದ್ದು ಅಂತ ಹೇಗೆ ಹೇಳಲಿ? ಕೊನೆಕೊನೆಗೆ ಅಮ್ಮನಿಗೆ ಕಣ್ಣು ಕಾಣ್ತಿರಲಿಲ್ಲ, ಆದರೂ ಏಳೂವರೆ ಅಂದರೆ ಚಾಪೆ ಹಾಸೋರು. ನಾವು ಚಿಕ್ಕವರಿದ್ದಾಗ ಪೂರ್ವಕಾಲವೃತ್ತಾಂತದ ವಂಶಾವಳಿ ಬಂದರೂ ಒಂದು ಹೆಸರು ಹಾರಿಸೋ ಹಾಗಿರಲಿಲ್ಲ. ತಮ್ಮನಿಗೆ ನಾಲಿಗೆ ಹೊರಳದೆ ಕಿಸಕ್ಕನೆ ನಗು ಬಂದುಬಿಡೋದು. ಅಮ್ಮ ತೊಡೆಗೆ ಒಂದು ಚಿವುಟಿ, ಮುಂದೆ ಓದು ಅನ್ನೋರು. ಅವರು ತೀರಿಕೊಂಡ ಮೇಲೆ ಕೆಲವು ದಿನ ನೆಂಟರು, ಓಡಾಟ. ಆಮೇಲೆ ಮಗನ ಪರೀಕ್ಷೆ. ಆಮೇಲೆ ಮನೆ ಕಟ್ಟಿಸೋಕೆ ಕೈಹಾಕಿದ್ವಿ. ಹೊಸ ಮನೇಲಿ ಚಾಪೆ ಹಾಸೋ ಜಾಗಕ್ಕೆ ಸೋಫಾ ಬಂತು. ಅಮ್ಮನ ಸತ್ಯವೇದ ಟಿ.ವಿ. ಕೆಳಗಿನ ಖಾನೆಯಲ್ಲಿದೆ, ಅದರ ಮೇಲೆ ಕರೆಂಟ್ ಬಿಲ್ಲು, ಲಗ್ನಪತ್ರಿಕೆ, ಹಳೇ ರಿಮೋಟು. ಬೇಡ ಅಂತ ನಾವು ಯಾರೂ ತೀರ್ಮಾನ ಮಾಡಿದ್ದಲ್ಲ.

— ಯಾರೂ ಮಾಡಲ್ಲ. ನಂಬಿಕೆ ಬಿಟ್ಟೆ ಅಂತ ಎದೆ ತಟ್ಟಿ ಹೇಳಿ ಹೊರಟುಹೋದವರನ್ನ ನನ್ನ ಯಜಮಾನರು ತಮ್ಮ ಸೇವೆಯುದ್ದಕ್ಕೂ ನೋಡಿದ್ದು ಬೆರಳೆಣಿಕೆಯಷ್ಟು. ಮಿಕ್ಕವರೆಲ್ಲ ಹೋಗಲೂ ಇಲ್ಲ, ಇರಲೂ ಇಲ್ಲ. ಇಬ್ರಿಯರಿಗೆ ಬರೆದ ಪತ್ರದ ಎರಡನೇ ಅಧ್ಯಾಯ ತೆಗೀರಿ. ಅಷ್ಟು ದೊಡ್ಡ ರಕ್ಷಣೆಯನ್ನ ಅಲಕ್ಷ್ಯ ಮಾಡಿದರೆ ತಪ್ಪಿಸಿಕೊಳ್ಳೋದು ಹೇಗೆ ಅಂತ ಕೇಳ್ತಾನಲ್ಲ, ಕೇಳೋದು ಯಾರನ್ನ? ಹೊರಗಿನವರನ್ನಲ್ಲ. ಕಷ್ಟ ಸಹಿಸಿ, ಆಸ್ತಿ ಕಳಕೊಂಡು ನಂಬಿಕೆ ಉಳಿಸಿಕೊಂಡಿದ್ದ ಜನರನ್ನ.

— ಆದರೆ ಅಮ್ಮ, ನಾನು ದೇವಾಲಯ ಬಿಟ್ಟವನಲ್ಲ. ವಾರದಲ್ಲಿ ನಾಲ್ಕು ಸಂಜೆ ಇಲ್ಲೇ ಇರ್ತೀನಿ. ಲೆಕ್ಕ, ಬ್ಯಾಂಕು, ಸ್ಮಶಾನದ ಕಾಂಪೌಂಡ್ ಗೋಡೆ, ಸುಗ್ಗಿ ಹಬ್ಬದ ಹರಾಜು. ಇಷ್ಟು ಮಾಡೋನನ್ನ ಅಲಕ್ಷ್ಯ ಮಾಡಿದವನು ಅಂತ ಯಾರಾದರೂ ಅಂದಾರಾ?

— ಆಸ್ಪತ್ರೆಯಲ್ಲಿ ನಾನು ತುಂಬಾ ಹೆದರ್ತಿದ್ದದ್ದು ಹಾಸಿಗೆ ಹುಣ್ಣಿಗೆ. ಲಕ್ವಾ ಹೊಡೆದವರು, ಬೆನ್ನುಮೂಳೆ ಪೆಟ್ಟಾದವರು, ತಾವಾಗಿ ಹೊರಳೋಕೆ ಆಗದವರಿಗೆ ಅದು ಬರೋದು. ಅದನ್ನ ಯಾರೂ ಬೇಕಂತ ತರಿಸೋದಲ್ಲ. ಔಷಧಿ ಹೊತ್ತಿಗೆ ಸರಿಯಾಗಿ ಕೊಟ್ಟಿರ್ತೀವಿ, ಡ್ರಿಪ್ ಹಾಕಿರ್ತೀವಿ, ಚಾರ್ಟು ತುಂಬಿರ್ತೀವಿ, ಡಾಕ್ಟರು ರೌಂಡ್ಸಿಗೆ ಬಂದರೆ ವಾರ್ಡು ಫಳಫಳ ಹೊಳೀತಿರುತ್ತೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸೋದು ಮಾತ್ರ ತಪ್ಪಿರುತ್ತೆ. ಮೊದಲು ಸೊಂಟದ ಹಿಂದೆ ಮೂಳೆ ಇರೋ ಕಡೆ ಒಂದು ಕೆಂಪು ಮಚ್ಚೆ. ಬೆರಳಿಂದ ಒತ್ತಿದರೆ ಅದು ಬಿಳಚಿಕೊಳ್ಳಬೇಕು. ಬಿಳಚಿಕೊಳ್ಳದೆ ಕೆಂಪಾಗೇ ಉಳಿದರೆ ಒಳಗೆ ಆಗಲೇ ಶುರುವಾಗಿದೆ ಅಂತ ಲೆಕ್ಕ. ರೋಗಿಯನ್ನ ಕೇಳಿದರೆ ನೋವೇ ಇಲ್ಲ ಅಂತಾನೆ. ನೋವು ಗೊತ್ತಾಗದ ಜಾಗದಲ್ಲೇ ಅದು ಬೇಗ ಬರೋದು. ನೀವು ಹೇಳಿದ ಕಾಂಪೌಂಡು, ಹರಾಜು, ಬ್ಯಾಂಕು ಎಲ್ಲಾ ಚಾರ್ಟು.

— ಚುಚ್ಚಿಬಿಟ್ರಿ.

— ನರ್ಸಲ್ವಾ? ಎಫೆಸದ ಸಭೆಗೆ ಬಂದ ಪತ್ರ ನೋಡಿ, ಪ್ರಕಟನೆಯಲ್ಲಿ. ಅವರ ದುಡಿಮೆ ಗೊತ್ತು, ತಾಳ್ಮೆ ಗೊತ್ತು, ಅಪೊಸ್ತಲರು ಅಂತ ಹೇಳಿಕೊಂಡವರನ್ನ ಪರೀಕ್ಷೆ ಮಾಡಿ ಸುಳ್ಳರು ಅಂತ ಕಂಡುಕೊಂಡದ್ದೂ ಗೊತ್ತು ಅಂತ ಮೊದಲು ಸರ್ಟಿಫಿಕೇಟು. ಆಮೇಲೆ ಮೊದಲಿನ ಪ್ರೀತಿ ಬಿಟ್ಟಿದ್ದೀರಿ ಅನ್ನೋ ಆಪಾದನೆ. ಅಷ್ಟು ಬಿಡುವಿಲ್ಲದ ಸಭೆಯ ಮೇಲೇ ಆ ಆಪಾದನೆ ಬಂದಿರೋದು. ನಾವೆಲ್ಲ ಅದೇ ಪುಸ್ತಕದ ಉಗುರುಬೆಚ್ಚಗಿನ ಸಭೆ ಲವೊದಿಕೀಯದ ಮೇಲೆ ಪ್ರಸಂಗ ಮಾಡಿ ಮಾಡಿ ಎಫೆಸದವರನ್ನ ಮರೆತಿದ್ದೀವಿ. ಉಗುರುಬೆಚ್ಚಗಿನವರು ಅಂದರೆ ಯಾರೋ ಸೋಮಾರಿಗಳು ಅಂದುಕೊಂಡು ನಾವು ಆರಾಮಾಗಿ ಇದ್ದುಬಿಡಬಹುದಲ್ಲ. ಆ ಲವೊದಿಕೀಯ ಕೂಡ ಬ್ಯಾಂಕು, ಕಪ್ಪು ಉಣ್ಣೆ ವ್ಯಾಪಾರ ಇದ್ದ ಊರು. ಕ್ರಿ.ಶ. 60ರ ಭೂಕಂಪದಲ್ಲಿ ನೆಲಸಮವಾದಾಗ ರೋಮಿನಿಂದ ಕಾಸು ತೆಗೆದುಕೊಳ್ಳದೆ ತಾನೇ ಎದ್ದು ನಿಂತಿತು. ನಿಮ್ಮ ಫಿಕ್ಸೆಡ್ ಡಿಪಾಜಿಟ್ ನೆನಪಾಗುತ್ತೆ ನನಗೆ.

— ಡಿಪಾಜಿಟ್ ಮೇಲೆ ಕಣ್ಣು ಹಾಕಬೇಡಿ. ಸರಿ, ಎಫೆಸದವರು ಏನು ಮಾಡಬೇಕಿತ್ತು?

— ನೆನಪು ಮಾಡಿಕೊಳ್ಳಿ, ತಿರುಗಿಕೊಳ್ಳಿ, ಮೊದಲು ಮಾಡುತ್ತಿದ್ದ ಕೆಲಸಗಳನ್ನ ಮಾಡಿ. ಅಷ್ಟೇ ಇರೋದು. ಮೊದಲಿನ ಹಾಗೆ ಮನಸ್ಸು ಕರಗಿಸಿಕೊಳ್ಳಿ ಅಂತ ಇಲ್ಲ. ಕರಗೋದು ನಮ್ಮ ಕೈಯಲ್ಲಿಲ್ಲ. ಚಾಪೆ ಹಾಸೋದು ನಮ್ಮ ಕೈಯಲ್ಲಿದೆ.

— ಅಲ್ಲೇ ನನ್ನ ತಕರಾರು. ಚಾಪೆ ಹಾಸಿ ಕೂತೆ ಅಂದುಕೊಳ್ಳಿ. ಬಾಯಿ ಏನೋ ಹೇಳುತ್ತೆ, ಒಳಗೆ ಏನೂ ಇಲ್ಲ. ಅದಕ್ಕಿಂತ ಸುಮ್ಮನಿರೋದು ಪ್ರಾಮಾಣಿಕ ಅಲ್ವಾ? ಮನಸ್ಸಿಲ್ಲದೆ ಮಾಡೋ ಪ್ರಾರ್ಥನೆ ಕಪಟ.

— ಸಕ್ಕರೆ ಕಾಯಿಲೆಯವರೂ ಹೀಗೇ ಅನ್ನೋರು, ಮನಸ್ಸಿಲ್ಲದೆ ಮಾತ್ರೆ ನುಂಗಲಾ ಸಿಸ್ಟರ್ ಅಂತ. ಹೋಗಲಿ, ಪ್ರಶ್ನೆ ಒಳ್ಳೇದೇ. ಒಳಗೆ ಬರ ಬೀಳೋದು ಬೇರೆ, ಅಲಕ್ಷ್ಯ ಬೇರೆ. ಮದರ್ ತೆರೆಸಾ ಅವರ ಕಾಗದಗಳು 2007ರಲ್ಲಿ ಪುಸ್ತಕವಾಗಿ ಬಂದವು, ಅವರು ತೀರಿಕೊಂಡು ಹತ್ತು ವರ್ಷಕ್ಕೆ. ಸುಮಾರು ಐವತ್ತು ವರ್ಷ, ನಡುವೆ ಸ್ವಲ್ಪ ಕಾಲ ಬಿಟ್ಟರೆ, ಆ ತಾಯಿಗೆ ಪ್ರಾರ್ಥನೆಯಲ್ಲಿ ಕತ್ತಲೇ. ದೇವರು ಇದ್ದಾನೆ ಅನ್ನೋ ಅನುಭವ ಇಲ್ಲ. ಆದರೂ ಬೆಳಗಿನ ಪ್ರಾರ್ಥನೆಗೆ ಮೊಣಕಾಲೂರೋದು ಬಿಡಲಿಲ್ಲ. ಬರ ಇತ್ತು, ಅಲಕ್ಷ್ಯ ಇರಲಿಲ್ಲ. ನಮ್ಮಲ್ಲಿ ಕೆಲವರಿಗೆ ಇದರ ತದ್ವಿರುದ್ಧ: ಹಾಡು ಶುರುವಾದರೆ ಕಣ್ಣಲ್ಲಿ ನೀರು, ಸತ್ಯವೇದ ತೆಗೆದು ಎಷ್ಟು ಕಾಲವಾಯ್ತೋ ಗೊತ್ತಿಲ್ಲ.

— ನನ್ನದು ಯಾವುದು ಅಂತ ಗೊತ್ತಾಗೋದು ಹೇಗೆ?

— ಲೊಯೊಲಾದ ಇಗ್ನಾಸಿಯಸ್ ಗೊತ್ತಾ, ಯೇಸು ಸಭೆ ಕಟ್ಟಿದವರು...

— ಅವರು ಕಥೋಲಿಕರಲ್ವಾ? ಅಯ್ಯನವರ ಮನೇಲಿ ಈ ಪುಸ್ತಕಗಳೆಲ್ಲ ಇತ್ತಾ?

— ಇತ್ತು. ಒಳ್ಳೇ ಡಾಕ್ಟರು ಯಾವ ಜಾತಿ ಅಂತ ನಾವು ಕೇಳ್ತಿರಲಿಲ್ಲ. ಆತ ಸಿಪಾಯಿ, 1521ರಲ್ಲಿ ಪಾಂಪ್ಲೋನಾದ ಕೋಟೆಯಲ್ಲಿ ಫಿರಂಗಿ ಗುಂಡು ಕಾಲು ಮುರಿಯಿತು. ಹಾಸಿಗೆಯಲ್ಲಿ ಬಿದ್ದಿದ್ದಾಗ ತನ್ನ ಮನಸ್ಸು ಯಾವಾಗ ಏಳುತ್ತೆ, ಯಾವಾಗ ಬೀಳುತ್ತೆ ಅಂತ ಗಮನಿಸೋದು ಕಲಿತ. 1548ರಲ್ಲಿ ಅಚ್ಚಾದ ಅವನ ಆಧ್ಯಾತ್ಮಿಕ ಸಾಧನೆಗಳ ಪುಸ್ತಕದಲ್ಲಿ ಒಳಗೆ ಒಣಗೋದಕ್ಕೆ ಮೂರು ಕಾರಣ ಕೊಡ್ತಾನೆ. ಪ್ರಾರ್ಥನೆಯಲ್ಲಿ ನಾವೇ ಮೈಗಳ್ಳರಾಗಿರೋದು ಮೊದಲನೇದು. ನಮ್ಮನ್ನ ಪರೀಕ್ಷೆ ಮಾಡೋದಕ್ಕೆ ಎರಡನೇದು. ಸಂತೋಷ ನಮ್ಮ ಸಂಪಾದನೆಯಲ್ಲ, ಕೃಪೆ ಅಂತ ತಿಳಿಸೋದಕ್ಕೆ ಮೂರನೇದು. ಎರಡು ಮೂರಕ್ಕೆ ಹೋಗೋ ಮುಂಚೆ ಒಂದನೇದನ್ನ ನೋಡಿಕೊಳ್ಳಬೇಕು. ನನ್ನ ಪರೀಕ್ಷೆ ಇನ್ನೂ ಸುಲಭ: ಮೊದಲು ನಿಂತದ್ದು ಯಾವುದು? ಪ್ರಾರ್ಥನೆ ಮಾಡ್ತಾ ಮಾಡ್ತಾ ರುಚಿ ಹೋಯ್ತಾ, ಪ್ರಾರ್ಥನೆ ಬಿಟ್ಟಮೇಲೆ ರುಚಿ ಹೋಯ್ತಾ?

— ಬಿಟ್ಟಮೇಲೆ.

— ಹಾಗಾದರೆ ನಿಮಗೆ ಮದರ್ ತೆರೆಸಾ ಕಾಯಿಲೆ ಇಲ್ಲ, ದೊಡ್ಡ ಹೆಸರು ಕೊಡಬೇಡಿ. ಇಗ್ನಾಸಿಯಸ್ ಇನ್ನೊಂದು ಹೇಳ್ತಾನೆ, ಅದು ನನಗೆ ಬಹಳ ಕೆಲಸಕ್ಕೆ ಬಂತು. ಕತ್ತಲಲ್ಲಿರುವಾಗ ಮೊದಲು ಮಾಡಿದ ತೀರ್ಮಾನ ಬದಲಿಸಬಾರದು. ಒಂದು ಗಂಟೆ ಪ್ರಾರ್ಥನೆ ಅಂತ ಇದ್ದು ಮನಸ್ಸು ಬೇಡ ಅಂದರೆ ಒಂದು ಗಂಟೆಯ ಮೇಲೆ ಇನ್ನಷ್ಟು ಹೊತ್ತು ಕೂತುಬಿಡು ಅಂತಾನೆ. ಹಠಮಾರಿ. ಯಜಮಾನರು ತೀರಿಕೊಂಡ ವರ್ಷ ಮನೆ ಮಾರಿ ತಂಗಿ ಊರಿಗೆ ಹೋಗಿಬಿಡೋಣ ಅಂತ ನನಗೆ ದಿನಾ ಅನ್ನಿಸ್ತಿತ್ತು. ಹೋಗಲಿಲ್ಲ.

— ಬೇರೆ ಎಲ್ಲಾದರೂ ಇದ್ದಿದ್ದರೆ ಸರಿಯಾಗ್ತಿತ್ತು ಅಂತ ನನಗೂ ಅನ್ನಿಸುತ್ತೆ. ಯಾವುದಾದರೂ ದೊಡ್ಡ ಸಭೆಗೆ ಹೋದರೆ ಆರಾಧನೆಯಲ್ಲಿ ಜೀವ ಇದೆ ಅಂತಾರೆ.

— ಅದು ಬಹಳ ಹಳೇ ಆಸೆ. ನಾಲ್ಕನೇ ಶತಮಾನದಲ್ಲಿ ಎವಾಗ್ರಿಯಸ್ ಅಂತ ಒಬ್ಬ ಇದ್ದ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹೆಸರುವಾಸಿ ಪ್ರಸಂಗಿ, ಆಮೇಲೆ ಎಲ್ಲ ಬಿಟ್ಟು ಈಜಿಪ್ಟಿನ ಮರಳುಗಾಡಲ್ಲಿ ಒಂದು ಗುಡಿಸಿಲಲ್ಲಿ ಕೂತ. 399ರಲ್ಲಿ ಅಲ್ಲೇ ತೀರಿಕೊಂಡ. ಸನ್ಯಾಸಿಯನ್ನ ಕಾಡೋ ಎಂಟು ಕೆಟ್ಟ ಯೋಚನೆಗಳ ಪಟ್ಟಿ ಮಾಡಿದ್ದಾನೆ. ಅದರಲ್ಲಿ ಎಲ್ಲಕ್ಕಿಂತ ಭಾರವಾದದ್ದು ಮಧ್ಯಾಹ್ನದ ದೆವ್ವ ಅಂತಾನೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಹಿಡಿಯುತ್ತೆ, ಎರಡು ಗಂಟೆವರೆಗೂ ಬಿಡಲ್ಲ. ಸೂರ್ಯ ಅಲುಗಾಡೋದೇ ಇಲ್ಲ, ದಿನಕ್ಕೆ ಐವತ್ತು ಗಂಟೆ ಇದ್ದ ಹಾಗೆ. ಊಟದ ಹೊತ್ತಾಯ್ತಾ ಅಂತ ಎದ್ದು ಬಿಸಿಲು ನೋಡ್ತಾನೆ. ಯಾರಾದರೂ ಬರ್ತಾರಾ ಅಂತ ಬಾಗಿಲಿಗೆ ಬಂದು ಆ ಕಡೆ ಈ ಕಡೆ ನೋಡ್ತಾನೆ. ಇಲ್ಲಿಯ ಸಹೋದರರಲ್ಲಿ ಪ್ರೀತಿಯೇ ಇಲ್ಲ, ಇನ್ನೊಂದು ಕಡೆ ಹೋದರೆ ದೇವರನ್ನ ಮೆಚ್ಚಿಸೋದು ಸುಲಭ ಅನ್ನಿಸುತ್ತೆ. ಇದೆಲ್ಲ ಮೊಬೈಲ್‌ನಿಂದ ಬಂತು ಅಂತ ಮಾತ್ರ ಹೇಳಬೇಡಿ. ಪ್ರತಿ ಪ್ರಸಂಗಿಯೂ ಅದನ್ನೇ ಹೇಳಿ ಕೈತೊಳೆದುಕೊಳ್ತಾರೆ. ಆತನ ಹತ್ತಿರ ಮೊಬೈಲ್ ಇರಲಿಲ್ಲ, ಒಂದು ಬಾಗಿಲಿತ್ತು.

— ಅವರು ಗುಡಿಸಿಲಲ್ಲಿ ಒಬ್ಬರೇ ಇದ್ದವರು. ನನಗೆ ಕೂರೋಕೆ ಪುರಸೊತ್ತು ಎಲ್ಲಿ?

— ಪುರಸೊತ್ತಿಲ್ಲದ ಹಾಗೆ ಮಾಡೋದೂ ಅದೇ ದೆವ್ವ. ಆತನ ಪಾಠ ಪಶ್ಚಿಮಕ್ಕೆ ತಂದ ಜಾನ್ ಕೇಸಿಯನ್ ಸ್ಪಷ್ಟವಾಗಿ ಬರೀತಾನೆ: ಕಾಯಿಲೆಯವರನ್ನ ನೋಡಿಕೊಂಡು ಬರಬೇಕು, ದೂರದ ನೆಂಟರನ್ನ ವಿಚಾರಿಸಬೇಕು, ನೆಂಟರ ಆಸರೆಯಿಲ್ಲದ ಭಕ್ತೆಯೊಬ್ಬಳಿಗೆ ನೆರವಾಗಬೇಕು ಅಂತೆಲ್ಲ ಪುಣ್ಯದ ನೆಪಗಳನ್ನೇ ಅದು ತರುತ್ತೆ. ಕುಡಿಯೋಕೆ ಹೋಗು ಅನ್ನಲ್ಲ. ನಿಮಗೆ ಕಾಂಪೌಂಡ್ ಗೋಡೆ ತಂದುಕೊಟ್ಟಿದೆ. ಇನ್ನು ಮದ್ದಿನ ಮಾತು. ಸನ್ಯಾಸಿಗಳಿಗೆಲ್ಲ ಮೂಲಪುರುಷ ಅಂತೋಣಿ ಅವರದೇ ಕತೆ ಇದೆ. ಆತನಿಗೂ ಒಮ್ಮೆ ಮನಸ್ಸು ಪೂರ್ತಿ ಕಲಕಿ, ನಾನು ಉಳಿಯೋದು ಹೇಗೆ ಅಂತ ದೇವರನ್ನ ಕೇಳಿದ. ಹೊರಗೆ ಬಂದು ನೋಡಿದರೆ ತನ್ನ ಹಾಗೇ ಒಬ್ಬ ಕೂತಿದ್ದಾನೆ. ಹಗ್ಗ ಹೊಸೀತಾನೆ, ಎದ್ದು ಪ್ರಾರ್ಥನೆ ಮಾಡ್ತಾನೆ, ಮತ್ತೆ ಕೂತು ಹೊಸೀತಾನೆ, ಮತ್ತೆ ಏಳ್ತಾನೆ. ದೇವದೂತ ಅದು. ಹೀಗೆ ಮಾಡು, ಉಳೀತೀಯ ಅಂತ ಅಷ್ಟೇ ಹೇಳ್ತು. ಬೆಂಕಿ ಇಲ್ಲ, ಗುಡುಗಿಲ್ಲ. ನಮ್ಮ ಕೂಟದಲ್ಲಿ ಆ ದೂತನಿಗೆ ಮೈಕು ಕೊಟ್ಟರೆ ಜನ ಎದ್ದುಹೋಗ್ತಾರೆ.

— ಸನ್ಯಾಸಿಗಳು, ಕಥೋಲಿಕರು. ನಮ್ಮವರು ಒಬ್ಬರೂ ಇಲ್ವಾ?

— ಇದ್ದಾರೆ, ಅವರ ಕತೆ ನಿಮ್ಮ ಲೆಕ್ಕದ ಪುಸ್ತಕದಿಂದಲೇ ಶುರುವಾಗುತ್ತೆ. ಈ ಸೀಮೆಗೆ ಬಂದವರು ವೆಸ್ಲಿಯನ್ ಮಿಷನ್ನಿನವರು. 1947ರಲ್ಲಿ ದಕ್ಷಿಣ ಭಾರತ ಸಭೆ ಆದಾಗ ನಾವೂ ಅದಕ್ಕೆ ಸೇರಿದ್ವಿ. ಆ ಮಿಷನ್ನಿಗೆ ಹೆಸರು ಕೊಟ್ಟ ಜಾನ್ ವೆಸ್ಲಿಯ ಜನ, ಅಂದರೆ ಮೆಥೊಡಿಸ್ಟರು, ಬ್ರಿಸ್ಟಲ್‌ನಲ್ಲಿ ಒಂದು ಪ್ರಾರ್ಥನಾ ಮಂದಿರ ಕಟ್ಟಿ ಸಾಲ ಮಾಡಿಕೊಂಡಿದ್ದರು. 1742ರ ಫೆಬ್ರುವರಿಯಲ್ಲಿ ಸಾಲ ತೀರಿಸೋದು ಹೇಗೆ ಅಂತ ಸಭೆ ಸೇರಿದರು. ಫಾಯ್ ಅನ್ನೋ ಕ್ಯಾಪ್ಟನ್ ಎದ್ದು ಹೇಳಿದ: ಒಬ್ಬೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ. ಎಷ್ಟೋ ಜನರ ಹತ್ತಿರ ಅದೂ ಇಲ್ಲವಲ್ಲ ಅಂದರು. ಹಾಗಾದರೆ ಕಡುಬಡವರಾದ ಹನ್ನೊಂದು ಜನರನ್ನ ನನ್ನ ಪಾಲಿಗೆ ಹಾಕಿ, ವಾರವಾರ ಅವರ ಮನೆಗೆ ಹೋಗ್ತೀನಿ, ಕೊಟ್ಟರೆ ತರ್ತೀನಿ, ಕೊಡದಿದ್ದರೆ ನಾನೇ ಹಾಕ್ತೀನಿ ಅಂದ.

— ಒಳ್ಳೇ ಖಜಾಂಚಿ.

— ಉಳಿದವರೂ ಹಾಗೇ ಹೊರಟರು. ಕಾಸು ಕೇಳೋಕೆ ಹೋದವರಿಗೆ ಬೇರೆಯದೇ ಕಾಣಿಸ್ತು. ಇವನು ಮತ್ತೆ ಕುಡೀತಿದ್ದಾನೆ, ಆ ಮನೇಲಿ ಗಂಡ ಹೆಂಡತಿ ಜಗಳ ಆಡ್ತಿದ್ದಾರೆ. ಬಂದು ವೆಸ್ಲಿಗೆ ಹೇಳಿದರು. ಇಷ್ಟು ದಿನ ನನಗೆ ಬೇಕಾಗಿದ್ದದ್ದು ಇದೇ ಅಂತ ಆತನಿಗೆ ಹೊಳೀತು. ಹನ್ನೆರಡು ಹನ್ನೆರಡು ಜನರ ಗುಂಪು, ಒಬ್ಬ ನಾಯಕ, ವಾರಕ್ಕೊಮ್ಮೆ ಪ್ರತಿಯೊಬ್ಬರನ್ನೂ ಕಂಡು ಆತ್ಮ ಹೇಗಿದೆ ಅಂತ ವಿಚಾರಿಸೋದು. ಮೆಥೊಡಿಸ್ಟರನ್ನ ಉಳಿಸಿದ್ದು ಇದು. ಬಯಲಲ್ಲಿ ಸಾವಿರಾರು ಜನರಿಗೆ ಮಾಡಿದ ಪ್ರಸಂಗ ಅವರನ್ನ ಕರೆತಂತು, ಉಳಿಸಿಕೊಳ್ಳೋದು ಅದರಿಂದ ಆಗಲಿಲ್ಲ. ಈಗ ನೀವು ಹೇಳಿ, ತಿಂಗಳ ಚಂದಾ ವಸೂಲಿಗೆ ಯಾವ ಯಾವ ಮನೆಗೆ ಹೋಗ್ತೀರಿ?

— ಯಾವ ಮನೆಗೂ ಇಲ್ಲ. ಎಲ್ಲ ಫೋನಲ್ಲೇ ಬರುತ್ತೆ. ಬಾರದಿದ್ದರೆ ವಾಟ್ಸಾಪ್‌ನಲ್ಲಿ ಒಂದು ಸಾಲು ನೆನಪು. ಅಪ್ಪ ಈ ಕೆಲಸದಲ್ಲಿದ್ದಾಗ ಸೈಕಲ್ ಮೇಲೆ ರಸೀದಿ ಪುಸ್ತಕ ಇಟ್ಟುಕೊಂಡು ಹೋಗೋರು, ಒಂದೊಂದು ಮನೇಲಿ ಕಾಫಿ ಕುಡಿದು ರಾತ್ರಿ ಬರೋರು. ಯಾರ ಮನೇಲಿ ಏನು ಅಂತ ಅವರಿಗೆ ಗೊತ್ತಿತ್ತು. ನನಗೆ ಯಾರು ಎಷ್ಟು ಕೊಟ್ಟರು ಅಂತ ಗೊತ್ತು. ಆದರೂ ಅಮ್ಮ, ನಿಮ್ಮ ಆತ್ಮ ಹೇಗಿದೆ ಅಂತ ನಮ್ಮ ಊರಲ್ಲಿ ಹೋಗಿ ಕೇಳಿ ನೋಡಿ. ಒಬ್ಬ ಬಾಯಿ ಬಿಟ್ಟರೆ ಭಾನುವಾರದ ಹೊತ್ತಿಗೆ ಬೀದಿಯೆಲ್ಲ ಗೊತ್ತು. ಕೇಳಿಸಿಕೊಂಡವರಿಗೆ ಮುಂದಿನ ಸಮಿತಿ ಚುನಾವಣೆಗೆ ಒಂದು ಅಸ್ತ್ರ.

— ಒಪ್ಪಿದೆ. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆ ಗುಂಪುಗಳೂ ಹೋಗ್ತಾ ಹೋಗ್ತಾ ಬರೀ ಹಾಜರಿ ಆಗಿಬಿಟ್ಟವು. ಹೋದ ವಾರ ಹೇಳಿದ ಸಾಕ್ಷಿಯನ್ನೇ ಈ ವಾರವೂ ಹೇಳಿ ಎದ್ದು ಬರೋದು. ಅದಕ್ಕೇ ಹನ್ನೆರಡು ಜನ ಬೇಡ ಅಂತೀನಿ. ಒಬ್ಬರು ಸಾಕು. ಗುಟ್ಟು ಕಾಪಾಡೋ ಒಬ್ಬರು. ಆತ್ಮದ ವಿಷಯವೂ ಬೇಡ. ಈ ವಾರ ಏನು ಓದಿದೆ, ಯಾರಿಗಾಗಿ ಪ್ರಾರ್ಥನೆ ಮಾಡಿದೆ, ಇಷ್ಟು ಕೇಳಿದರೆ ಸಾಕು. ಹೊರಳೋಕಾಗದ ರೋಗಿಗೆ ತನ್ನ ಬೆನ್ನು ಕಾಣಲ್ಲ, ಇನ್ನೊಬ್ಬರು ನೋಡಬೇಕು.

— ಇದು ಟಿಕ್ ಹಾಕೋ ಭಕ್ತಿ ಆಗಲ್ವಾ? ಫರಿಸಾಯನೂ ವಾರಕ್ಕೆ ಎರಡು ಉಪವಾಸ ಅಂತ ಲೆಕ್ಕ ಒಪ್ಪಿಸಿದ.

— ಅವನು ದೇವರಿಗೆ ಲೆಕ್ಕ ಒಪ್ಪಿಸಿದ, ಪಕ್ಕದ ಸುಂಕದವನಿಗಿಂತ ನಾನು ಮೇಲು ಅಂತ. ನಾನು ಹೇಳ್ತಿರೋದು ಆ ಸುಂಕದವನ ಪಕ್ಕ ಕೂರೋದು. ಹೆಮ್ಮೆ ಬರೋ ಅಪಾಯ ಇದ್ದೇ ಇದೆ, ನಿಜ. ಹತ್ತು ನಿಮಿಷ, ಒಂದು ಕೀರ್ತನೆ, ಗಟ್ಟಿಯಾಗಿ ಓದೋದು, ಪರಲೋಕದ ತಂದೆಯೇ ಹೇಳಿ ಏಳೋದು: ಇದರಲ್ಲಿ ಹೆಮ್ಮೆಪಡೋಷ್ಟು ಏನಿದೆ ಹೇಳಿ. ಸ್ವಂತ ಮಾತು ಬತ್ತಿದಾಗ ಕೀರ್ತನೆಗಳು ಬಾಯಿಗೆ ಮಾತು ಕೊಡುತ್ತವೆ. ಎಂಬತ್ತೆಂಟನೇದು ಕತ್ತಲಲ್ಲೇ ಮುಗಿಯುತ್ತೆ, ಕೊನೆಯಲ್ಲಿ ಸಮಾಧಾನದ ಒಂದು ಸಾಲೂ ಇಲ್ಲ. ಅದನ್ನೂ ಸತ್ಯವೇದದಿಂದ ಯಾರೂ ತೆಗೆದುಹಾಕಲಿಲ್ಲ.

— ನನ್ನ ಸೊಸೆಗೆ ಇದು ಹೇಗೆ ಹೇಳಲಿ? ಬೆಂಗಳೂರಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಬಂದು ಮಗೂನ ಸ್ಕೂಲಿಗೆ ಕಳಿಸಿ ಮಲಗ್ತಾಳೆ.

— ಹೇಳಬೇಡಿ. ಅವಳದು ಅಲಕ್ಷ್ಯ ಅಲ್ಲ, ಸುಸ್ತು. ಲಾರೆನ್ಸ್ ಅಂತ ಪ್ಯಾರಿಸಿನ ಮಠದಲ್ಲಿ ಅಡುಗೆಯವನಿದ್ದ, 1691ರಲ್ಲಿ ತೀರಿಕೊಂಡ. ಅಡುಗೆ ಕೆಲಸ ಅವನಿಗೆ ಸುತಾರಾಂ ಸೇರ್ತಿರಲಿಲ್ಲ, ಆದರೂ ಪಾತ್ರೆಗಳ ಸದ್ದಿನ ನಡುವೆ ದೇವರ ಜೊತೆ ಮಾತಾಡೋದು ರೂಢಿ ಮಾಡಿಕೊಂಡ. ಅವಳು ಮಗುವಿಗೆ ಜಡೆ ಹಾಕುವಾಗ ಒಂದು ಮಾತು ಹೇಳಿದರೂ ಆಯ್ತು. ಆದರೆ ಲಾರೆನ್ಸ್ ಹೆಸರು ನಿಮ್ಮಂಥವರಿಗೆ ಕೊಡಬಾರದು. ಕೆಲಸವೇ ಪ್ರಾರ್ಥನೆ ಅಂದುಬಿಡ್ತೀರಿ. ಗಂಟೆ ಹೊಡೆದರೆ ಅವನೂ ಮಠದ ಪ್ರಾರ್ಥನೆಗೆ ಹೋಗ್ತಿದ್ದ, ಅದನ್ನ ಎಲ್ಲರೂ ಮರೀತಾರೆ. ಇನ್ನೊಂದು ಕೇಳಲಾ? ತಿಂಗಳ ಮೊದಲನೇ ಭಾನುವಾರ ಪ್ರಭುಭೋಜನಕ್ಕೆ ನೀವು ಮುಂದೆ ಬಂದದ್ದು ನಾನು ನೋಡಿಲ್ಲ.

— ಆ ಹೊತ್ತಿಗೆ ನಾನು ವೆಸ್ಟ್ರಿಯಲ್ಲಿ ಕಾಣಿಕೆ ಎಣಿಸ್ತಿರ್ತೀನಿ. ಕವರು ಒಡೆದು, ನಾಣ್ಯ ಬೇರೆ ನೋಟು ಬೇರೆ ಮಾಡಿ, ಚೀಟಿ ಬರೆದು ಸಹಿ ಹಾಕಿಸೋ ಹೊತ್ತಿಗೆ ಆಶೀರ್ವಾದ ಮುಗಿದಿರುತ್ತೆ. ನಿಜ ಹೇಳ್ತೀನಿ, ಮೊದಮೊದಲು ಕೆಲಸ ಅಂತ ಒಳಗೆ ಉಳಿದದ್ದು. ಈಗ ಒಳಗಿರೋದೇ ಹಾಯಾಗಿದೆ. ಅಯೋಗ್ಯವಾಗಿ ಆ ರೊಟ್ಟಿ ತಿಂದರೆ ಅಪರಾಧ ಅಂತ ಕೊರಿಂಥದವರಿಗೆ ಬರೆದಿದೆಯಲ್ಲ. ಇಷ್ಟು ದಿನ ಬಿಟ್ಟವನು ಯಾವ ಮುಖ ಹೊತ್ತು ಹೋಗಲಿ?

— ಇಂಥ ನೆಪಗಳಿಗೆ ವೆಸ್ಲಿ ಒಂದು ಪ್ರಸಂಗದಲ್ಲಿ ಉತ್ತರ ಕೊಟ್ಟಿದ್ದಾನೆ. 1787ರಲ್ಲಿ ಅಚ್ಚಾಯ್ತು. ನಾನು ಯೋಗ್ಯನಲ್ಲ ಅಂತ ದೂರ ನಿಂತವರಿಗೆ ಆತ ಹೇಳೋದರ ಸಾರ ಇಷ್ಟು: ದೇವರು ಕರುಣೆ ತೋರಿಸ್ತೀನಿ ಅಂತ ಕರೀತಿದ್ದಾನೆ, ಕರುಣೆಗೆ ನಾನು ಯೋಗ್ಯನಲ್ಲ ಅಂತ ನೀನು ಬೇಡ ಅಂತೀಯ, ಯೋಗ್ಯತೆ ಇದ್ದವನಿಗೆ ಕರುಣೆ ಯಾಕೆ? ಕೊರಿಂಥದಲ್ಲಿ ಪೌಲ ಬೈದದ್ದು ಹಸಿದವನನ್ನ ಬಿಟ್ಟು ತಿಂದು ಕುಡಿದು ಮತ್ತರಾದವರನ್ನ. ವೆಸ್ಟ್ರಿಯಲ್ಲಿ ಚಿಲ್ಲರೆ ಎಣಿಸುತ್ತಾ ಹೆದರಿ ಕೂತವನನ್ನಲ್ಲ.

— ಎಣಿಸೋ ಕೆಲಸ ಯಾರಿಗಾದರೂ ಒಪ್ಪಿಸಬೇಕು. ಯುವಜನ ಸಂಘದ ಇಬ್ಬರು ಹುಡುಗರಿಗೆ ಹೇಳಲಾ?

— ಅವರಿಗೆ ಪ್ರಭುಭೋಜನ ಬೇಡ್ವಾ?

— ಹಾಗಾದರೆ?

— ಆರಾಧನೆ ಮುಗಿದ ಮೇಲೆ ಎಣಿಸಿ. ಬೀರುವಿನಲ್ಲಿ ಹಾಕಿ ಬೀಗ ಜಡಿದರೆ ದುಡ್ಡು ಅರ್ಧ ಗಂಟೆಯಲ್ಲಿ ಎಲ್ಲೂ ಓಡಿಹೋಗಲ್ಲ.

— ಆರಾಧನೆ ನಡೆಯುವಾಗಲೇ ಇಬ್ಬರು ಕೂತು ಎಣಿಸಬೇಕು ಅಂತ ಅಪ್ಪನ ಕಾಲದಿಂದ ರೂಢಿ. ಬದಲಿಸೋಕೆ ಸಮಿತಿ ಒಪ್ಪಬೇಕು. ಇಬ್ಬರು ಜಗಳ ತೆಗೀತಾರೆ, ಯಾರು ಅಂತ ನಿಮಗೂ ಗೊತ್ತು.

— ಗೊತ್ತು. ಒಬ್ಬರು ನಮ್ಮ ನೆಂಟರೇ. ಅಜೆಂಡಾದಲ್ಲಿ ಹಾಕಿ, ಅವರ ಹತ್ತಿರ ನಾನು ಮಾತಾಡ್ತೀನಿ. ಬುಧವಾರ ಸಂಜೆ ಮನೆ ಕಡೆ ಬನ್ನಿ, ಏನು ಓದಿದ್ರಿ ಅಂತ ಕೇಳ್ತೀನಿ. ನೀವೂ ನನ್ನನ್ನ ಕೇಳಬೇಕು. ವಯಸ್ಸಾಯ್ತು ಅಂತ ರಿಯಾಯಿತಿ ಕೊಡಬೇಡಿ.